ಕತ್ತೆಯ ಹೊಟ್ಟೆಯ ಹೊಲಿಗೆ

ಬಟ್ಟೆಯ ಕತ್ತೆಯೊಂದರ ಮೈಮೇಲೆ ನೂರ ಹನ್ನೆರಡು ತಪ್ಪು ಕಂಡುಹಿಡಿದವಳು ನಮ್ಮ ಮ್ಯೂಸಿಯಂನಲ್ಲಿ ಒಬ್ಬಳೇ, ಸೂಜಿಯಕ್ಕ. ಆ ಪಟ್ಟಿಯನ್ನು ಟೈಪ್ ಮಾಡಿದವನು ನಾನು. ಹಾಗಾಗಿ ಅವಳ ಕತೆ ಹೇಳುವ ಹಕ್ಕು ನನಗೂ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಎದುರಿಗೆ ಅವಳನ್ನು ನೀವು ಎನ್ನುತ್ತೇನೆ. ಬರೆಯಲು ಕೂತರೆ ಅವಳು ಎಂದೇ ಬರುತ್ತದೆ. ಒಂದೇ ನೆಲಮಾಳಿಗೆಯಲ್ಲಿ, ಎದುರುಬದುರು ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಸಲಿಗೆ ಅದು. ನನ್ನದು ಗೋಡೆಯ ಬರಹದ ಕೆಲಸ. ಚಿತ್ರದ ಪಕ್ಕದಲ್ಲಿ ಸಣ್ಣ ಬಿಳಿ ಬೋರ್ಡ್ ಇರುತ್ತದಲ್ಲ, ಯಾರು ಮಾಡಿದ್ದು, ಯಾವುದರಿಂದ ಮಾಡಿದ್ದು ಎಂದು, ಅದು. ಜನ ಚಿತ್ರಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತಾರೆ. ಕಲಾವಿದರು ಕಳಿಸುವ ಮಾರುದ್ದದ ವಾಕ್ಯಗಳನ್ನು ಮನುಷ್ಯರು ನಿಂತುಕೊಂಡು ಓದುವಷ್ಟಕ್ಕೆ ಕತ್ತರಿಸುತ್ತೇನೆ. ಬೈಸಿಕೊಳ್ಳುತ್ತೇನೆ. ಮತ್ತೆ ಕತ್ತರಿಸುತ್ತೇನೆ.

ಸೂಜಿಯಕ್ಕನದು ಬಟ್ಟೆಯ ಕೋಣೆ. ಹಳೆಯ ಉಡುಪು, ಪರದೆ, ಬಾವುಟ, ಕೈಗವಸು, ಏನು ಹರಿದು ಬಂದರೂ ಅದು ಹರಿದೇ ಇರಲಿಲ್ಲ ಎನ್ನುವಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಒಂದು ಸಲ ಅವಳು ಸರಿಮಾಡಿದ ನಿಲುವಂಗಿಯನ್ನು ತೋರಿಸಿ ನಮ್ಮ ಡೈರೆಕ್ಟರು ಅತಿಥಿಗಳಿಗೆ, "ಇದು ಒಂಚೂರೂ ಹಾಳಾಗದೆ ಸಿಕ್ಕಿದ್ದು ನಮ್ಮ ಅದೃಷ್ಟ" ಎಂದರು. ಹನ್ನೊಂದು ವಾರ ಅದರ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದವಳು ಅವರ ಹಿಂದೆಯೇ ನಿಂತಿದ್ದಳು. ಚೆನ್ನಾಗಿ ಮಾಡಿದರೆ ಯಾರಿಗೂ ಕಾಣುವುದಿಲ್ಲ, ಯಾರಿಗಾದರೂ ಕಂಡರೆ ಕೆಲಸ ಕೆಟ್ಟಿತು ಎಂದರ್ಥ. ಇಂಥ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದವಳ ಹೊಟ್ಟೆಯೊಳಗೆ ಏನೇನು ಸೇರಿಕೊಂಡಿರುತ್ತದೆ, ನೀವೇ ಯೋಚಿಸಿ.

ಅಂಥವಳಿಗೆ ಒಬ್ಬಳು ತಂಗಿ, ಐದು ವರ್ಷಕ್ಕೆ ಚಿಕ್ಕವಳು. ಅವರ ತಾಯಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ತಾಯಿಗೆ ಕಣ್ಣು ಮಂಜಾದಾಗ ಅಕ್ಕನಿಗೆ ಹದಿನಾರು. ಶಾಲೆ ಬಿಟ್ಟು ಮಷೀನಿನ ಮುಂದೆ ಕೂತಳು. ತಂಗಿ ಓದಿದಳು, ಆರ್ಟ್ ಸ್ಕೂಲಿಗೆ ಹೋದಳು, ಹಳೆ ಬಟ್ಟೆಗಳನ್ನು ಸೇರಿಸಿ ಕೈಯಲ್ಲೇ ಹೊಲಿದು ಪ್ರಾಣಿಗಳನ್ನು ಮಾಡತೊಡಗಿದಳು. ಆ ಪ್ರಾಣಿಗಳು ಅವಳಿಗಿಂತ ಮುಂಚೆ ವಿಮಾನ ಹತ್ತಿದವು. ಅಕ್ಕತಂಗಿಯರ ನಡುವೆ ಜಗಳವೇನೂ ಇರಲಿಲ್ಲ. ವರ್ಷಕ್ಕೆ ನಾಲ್ಕು ಫೋನು, ಎರಡು ಊಟ. ಆದರೆ ಆ ಊಟದ ಮರುದಿನ ಸೂಜಿಯಕ್ಕನ ಕೋಣೆಗೆ ಹೋಗುವಾಗ ನಾನು ಬಾಗಿಲು ತಟ್ಟಿಯೇ ಹೋಗುತ್ತಿದ್ದೆ.

ನಮ್ಮಲ್ಲಿ ವರ್ಷದ ದೊಡ್ಡ ಪ್ರದರ್ಶನಗಳು ಶರತ್ಕಾಲದಲ್ಲಿ, ಅಂಗಳದ ಮರಗಳು ಎಲೆ ಉದುರಿಸುವ ಹೊತ್ತಿಗೆ ಶುರುವಾಗುತ್ತವೆ. ಈ ಸಲ ಮೂರು. ಮೇಲಿನ ಮಹಡಿಯಲ್ಲಿ ಒಬ್ಬರು ಒಂದೇ ಮೆಟ್ಟಿಲಿನ ಮುಂದೆ ಏಳು ವರ್ಷ ನಿಂತು ತೆಗೆದ ಫೋಟೋಗಳು. ಅದರ ಪಕ್ಕದ ಕತ್ತಲೆ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಶಬ್ದ, ಬೇರೇನೂ ಇಲ್ಲ. ಅದನ್ನು ಪರೀಕ್ಷೆಗೆ ಹಾಕಿದ ದಿನ ಕಾವಲಿನವರು ನಲ್ಲಿ ಸೋರುತ್ತಿದೆ ಎಂದು ದೂರು ಬರೆದರು. ಕೆಳಗಿನ ದೊಡ್ಡ ಹಾಲ್ ಪೂರ್ತಿ ಪ್ರಾಣಿಗಳಿಗೆ. ತಂಗಿಯ ಪ್ರಾಣಿಗಳಿಗೆ.

ಸುದ್ದಿ ಗೊತ್ತಾದ ದಿನ ಸೂಜಿಯಕ್ಕ, "ಒಳ್ಳೇದಾಯ್ತು" ಎಂದಳು. ಅಷ್ಟೇ. ಮುಂಬಾಗಿಲ ಮೇಲೆ ತಂಗಿಯ ಹೆಸರಿನ ಬ್ಯಾನರು ಏರಿದ ದಿನದಿಂದ ಅವಳು ಲಾರಿಗಳು ಬರುವ ಹಿಂದಿನ ಗೇಟಿನಿಂದ ಬರತೊಡಗಿದಳು. ಹತ್ತಿರ ಆಗುತ್ತೆ ಎಂದಳು. ಅವಳ ಬಸ್ಸು ನಿಲ್ಲುವುದು ಮುಂದಿನ ಗೇಟಿಗೆ.

ಒಂದು ದಿನ ಚಹಾದ ಹೊತ್ತಿಗೆ ಪೇಪರು ತಂದು ನನ್ನ ಮೇಜಿನ ಮೇಲೆ ಬಿಸಾಡಿದಳು. ತಂಗಿಯ ಸಂದರ್ಶನ ಬಂದಿತ್ತು. ಹೊಲಿಗೆ ಎಲ್ಲಿ ಕಲಿತಿರಿ ಎಂಬ ಪ್ರಶ್ನೆಗೆ, 'ಅದು ನಮ್ಮ ಮನೆಯ ಗಾಳಿಯಲ್ಲೇ ಇತ್ತು' ಎಂಬ ಉತ್ತರ.

"ಗಾಳಿಯಲ್ಲಿತ್ತಂತೆ" ಎಂದಳು ಸೂಜಿಯಕ್ಕ. "ಸೂಜಿಗೆ ದಾರ ಪೋಣಿಸೋಕೆ ಬರದೆ ಅಳ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದು ನಾನು. ನಾನೇ ಆ ಗಾಳಿ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಆಡಲಿಲ್ಲ.

ಪೆಟ್ಟಿಗೆಗಳು ಬಂದವು. ಹೊರಗಿನಿಂದ ಬಂದ ಪೆಟ್ಟಿಗೆಯನ್ನು ಬಂದ ಕೂಡಲೇ ತೆರೆಯುವ ಹಾಗಿಲ್ಲ. ಒಂದು ದಿನ ಪೂರ್ತಿ ಸುಮ್ಮನೆ ನಿಲ್ಲಿಸಿ, ನಮ್ಮ ಕಟ್ಟಡದ ತಂಪಿಗೆ ಒಗ್ಗಿಸಿ ಆಮೇಲೆ ಬಿಚ್ಚಬೇಕು. ನೌಕರರಿಗಿಲ್ಲದ ಉಪಚಾರ. ಬಿಚ್ಚಿದ ಮೇಲೆ ಮೊದಲ ಕೆಲಸ ಸ್ಥಿತಿಪತ್ರ ಬರೆಯುವುದು. ವಸ್ತು ನಮ್ಮ ಕೈಗೆ ಬಂದಾಗ ಎಲ್ಲಿ ಕಲೆ ಇತ್ತು, ಎಲ್ಲಿ ಬಿರುಕಿತ್ತು ಎಂದು ಒಂದೊಂದನ್ನೂ ನಂಬರ್ ಹಾಕಿ ಬರೆಯಬೇಕು. ನಾಳೆ ಯಾರೂ ನೀವೇ ಹರಿದಿರಿ ಎನ್ನಬಾರದು. ಕಲಾಕೃತಿಗಳ ಹತ್ತಿರ ಪೆನ್ನು ತರುವಂತಿಲ್ಲ, ಮಸಿ ಸೋರಿದರೆ ಕಷ್ಟ. ಹಾಗಾಗಿ ಎಲ್ಲವೂ ಪೆನ್ಸಿಲ್ಲಿನಲ್ಲೇ. ಬಟ್ಟೆಯದ್ದೆಲ್ಲ ಬರೆಯುವವಳು ಸೂಜಿಯಕ್ಕ. ಅದರ ಒಂದು ಪ್ರತಿಯನ್ನು ಕಡತಕ್ಕೆ ಟೈಪ್ ಮಾಡಿಕೊಡುವವನು ನಾನು.

ಕೋಳಿಗಳಿಗೆ ಅರ್ಧ ಪುಟ. ಮೇಕೆಗೆ ಒಂದು ಪುಟ. ಕೊನೆಯ ಪೆಟ್ಟಿಗೆಯಲ್ಲಿ ಬಂದದ್ದು ಹೆಣ್ಣುಕತ್ತೆ. ಆಳುದ್ದ, ಪಕ್ಕಕ್ಕೆ ಒರಗಿ ಮಲಗಿತ್ತು, ಕಾಲು ಚಾಚಿತ್ತು, ಹೊಟ್ಟೆ ನೋಡುವವರ ಕಡೆಗಿತ್ತು. ಸಾವಿರ ಚೂರು ಬಟ್ಟೆ ಸೇರಿಸಿ, ಎಲ್ಲವನ್ನೂ ಒಂದೇ ಬೂದಿಬಣ್ಣದಲ್ಲಿ ಅದ್ದಿ ಮಾಡಿದ್ದು. ಪ್ರದರ್ಶನದ ಜೀವವೇ ಅದು, ಬ್ಯಾನರಿನ ಮೇಲಿದ್ದದ್ದೂ ಅದರದೇ ಮುಖ. ನಿಜ ಹೇಳಬೇಕೆಂದರೆ, ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅದಕ್ಕೆ ಎಚ್ಚರವಾದೀತೇನೋ ಎಂದು ನಾವೆಲ್ಲ ಮೆಲ್ಲಗೆ ಮಾತಾಡಿದೆವು. ಸೂಜಿಯಕ್ಕ ಮಾತ್ರ ದೊಡ್ಡ ದನಿಯಲ್ಲೇ ಪೆನ್ಸಿಲ್ ಕೇಳಿದಳು.

ಕತ್ತೆಯ ಸ್ಥಿತಿಪತ್ರ ಒಂಬತ್ತು ಪುಟ. ಹದಿನಾಲ್ಕು: ಬಲಗಿವಿ, ಹೊಲಿಗೆ ಸೊಟ್ಟ. ಮೂವತ್ತೊಂದು: ಕುತ್ತಿಗೆ, ಗಂಟು ಹೊರಗೆ ಕಾಣುತ್ತದೆ. ಐವತ್ತಾರು: ಮುಂಗಾಲು, ಹೊಲಿಗೆಗಳ ಉದ್ದ ಒಂದೊಂದು ಒಂದೊಂದು ಥರ. ಹೀಗೆ ನೂರ ಹನ್ನೆರಡು.

"ಅಕ್ಕ, ಇದೆಲ್ಲ ಹಾನಿ ಅಲ್ಲ. ಅವರು ಮಾಡೋದೇ ಹಾಗೆ. ಅವರ ಶೈಲಿ ಅದು" ಎಂದೆ.

"ಶೈಲಿ ಅಂದ್ರೆ ಏನಪ್ಪ? ಕೈ ಕೂಡಿ ಬರದಿದ್ದಾಗ ಇಡೋ ಹೆಸರು. ನಾನು ಹೀಗೆ ಹೊಲಿದಿದ್ರೆ ನನ್ನ ಕೆಲಸದಿಂದ ತೆಗೀತಿದ್ರು. ಅವಳನ್ನ ತಲೆ ಮೇಲೆ ಹೊತ್ಕೊಂಡು ಕುಣೀತಾರೆ. ನೀನು ಟೈಪ್ ಮಾಡು."

ಟೈಪ್ ಮಾಡಿದೆ. ಎಂಬತ್ತೆಂಟನೆಯದರಲ್ಲಿ ಮಾತ್ರ ನಿಜವಾದ ಹಾನಿ ಇತ್ತು. 'ಹೊಟ್ಟೆಯ ಕೆಳಗೆ, ಒಂದು ಮೊಳದ ಹೊಲಿಗೆ. ಅತಿ ಕಳಪೆ. ಸೂಜಿ ಹಿಡಿಯಲು ಬಾರದವರ ಕೈ. ಪ್ರಯಾಣದಲ್ಲಿ ನಾಲ್ಕು ಬೆರಳು ಅಗಲ ಬಿಚ್ಚಿಕೊಂಡಿದೆ.' ಬಿಚ್ಚಿಕೊಂಡದ್ದನ್ನು ಮುಚ್ಚಲು ಕಲಾವಿದರ ಒಪ್ಪಿಗೆ ಬೇಕು. ದಾಸ್ತಾನು ನೋಡಿಕೊಳ್ಳುವ ಮೇಡಂ ತಂಗಿಗೆ ಫೋನ್ ಮಾಡಿದರು. "ಆ ನಾಲ್ಕು ಬೆರಳು ತಾನೆ? ಅಲ್ಲಿ ನಮ್ಮಕ್ಕ ಇದ್ದಾಳೆ, ಅವಳೇ ಹಾಕಲಿ. ನನಗೇನೂ ಯೋಚನೆ ಇಲ್ಲ" ಎಂದಳಂತೆ ತಂಗಿ.

ಬುಧವಾರ ಬೆಳಿಗ್ಗೆ ಸೂಜಿಯಕ್ಕ ಕತ್ತೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಳು. ನಾಲ್ಕು ಬೆರಳಿಗೆ ಅರ್ಧ ಗಂಟೆ ಸಾಕು. ಮಧ್ಯಾಹ್ನವಾದರೂ ಏಳಲಿಲ್ಲ. ನಾನು ಗೋಡೆಯ ಅಳತೆ ತೆಗೆಯುವ ನೆಪದಲ್ಲಿ ಹೋಗಿ ನೋಡಿದರೆ, ಮೊಳ ಉದ್ದದ ಆ ಹೊಲಿಗೆಯನ್ನು ಪೂರ್ತಿ ಕತ್ತರಿಸಿ ತೆಗೆದಿದ್ದಾಳೆ. ಬಟ್ಟೆಯ ಅಂಚಿಗೆ ಆವಿ ಹಿಡಿದು ಹಳೆಯ ಸೂಜಿತೂತುಗಳೂ ಕಾಣದಂತೆ ಮುಚ್ಚಿದ್ದಾಳೆ. ಹೊಸದಾಗಿ ಹೊಲಿಯುತ್ತಿದ್ದಾಳೆ. ಎಂಥ ಹೊಲಿಗೆ ಅಂತೀರಿ. ಗೆರೆ ಎಳೆದಿಟ್ಟ ಹಾಗೆ, ಒಂದರ ಅಳತೆ ಇನ್ನೊಂದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹರಿದಷ್ಟನ್ನೇ ಮುಟ್ಟಬೇಕು, ಉಳಿದದ್ದನ್ನು ಮುಟ್ಟಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುವವಳೂ ಅವಳೇ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅದನ್ನು ಮುರಿದಿದ್ದಳು.

"ಅಕ್ಕ, ನಾಲ್ಕು ಬೆರಳು ಅಂತಲ್ವಾ ಹೇಳಿದ್ದು?"

"ಅಷ್ಟು ಗಲೀಜನ್ನ ಪಕ್ಕದಲ್ಲಿಟ್ಕೊಂಡು ನಾಲ್ಕೇ ಬೆರಳು ಹಾಕೋಕೆ ನನ್ನ ಕೈ ಬರಲಿಲ್ಲ" ಎಂದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು. "ನೋಡಲಿ. ಜನ ಎಲ್ಲ ಇಲ್ಲೇ ನಿಲ್ತಾರೆ, ಹೊಟ್ಟೆ ಇರೋ ಕಡೆ. ಸುತ್ತ ಅವಳದು, ಮಧ್ಯದಲ್ಲಿ ನನ್ನದು. ಒಂದು ಸಲವಾದ್ರೂ ನನ್ನ ಹೊಲಿಗೆ ಕಣ್ಣಿಗೆ ಬೀಳಲಿ."

ಅವಳಿಗೆ ಬೇಕಿದ್ದದ್ದು ಅಷ್ಟೇ. ಹಣವಲ್ಲ, ಬ್ಯಾನರಲ್ಲ. ಒಂದು ಸಲ ಯಾರಾದರೂ ನಿಂತು, ಇದನ್ನು ಯಾರು ಹೊಲಿದದ್ದು ಎಂದು ಕೇಳಬೇಕಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ಹೊರಟುಬಂದೆ.

ಗೋಡೆಯ ಬರಹಗಳನ್ನು ಕಲಾವಿದರು ಎರಡು ವಾರ ಮೊದಲೇ ಕಳಿಸಬೇಕು. ಯಾರೂ ಕಳಿಸುವುದಿಲ್ಲ. ತಂಗಿಯ ಬರಹ ಬಂದದ್ದು ಗುರುವಾರ, ಉದ್ಘಾಟನೆಗೆ ಎರಡೇ ದಿನ ಇರುವಾಗ. ಕತ್ತರಿಸಲು ಸಜ್ಜಾಗಿ ಕೂತೆ. ಕತ್ತರಿಸಲು ಏನೂ ಇರಲಿಲ್ಲ. ಕತ್ತೆಯ ಬೋರ್ಡಿಗೆ ಹೀಗೆ ಬರೆದಿದ್ದಳು:

'ಮಲಗಿದವಳು. ಹಳೆ ಬಟ್ಟೆ, ಉಣ್ಣೆ, ದಾರ. ಹೊಟ್ಟೆಯ ಕೆಳಗಿನ ಹೊಲಿಗೆ ನನ್ನ ಅಕ್ಕನದು. ನನ್ನ ಮೊದಲ ಶಾಲಾಚೀಲಕ್ಕೆ ಅವಳು ಹಾಕಿದ್ದು, ಚೀಲದ ಬಟ್ಟೆಯ ಜೊತೆಗೇ ಇಲ್ಲಿಗೆ ಬಂದಿದೆ. ಆಗ ಅವಳಿಗೆ ಹನ್ನೊಂದು ವರ್ಷ. ಈ ಹಾಲಿನಲ್ಲಿರುವ ಪ್ರಾಣಿಗಳೆಲ್ಲ ಅಂಥ ಹೊಲಿಗೆ ಹಾಕಲು ನಾನು ಮಾಡಿದ ಪ್ರಯತ್ನಗಳು.'

ನನ್ನ ಮಂದಬುದ್ಧಿಗೆ ಮೊದಲು ಸಂತೋಷವೇ ಆಯಿತು. ಇನ್ನೇನು ಬೇಕು, ಗೋಡೆಯ ಮೇಲೆ ಅಕ್ಕನ ಮಾತು ಬಂತು ಎಂದು ಹಾಳೆ ಹಿಡಿದು ಎದುರು ಕೋಣೆಗೆ ಓಡಿದೆ. ಬಾಗಿಲಿಗೆ ಬರುವಷ್ಟರಲ್ಲಿ ಬುಧವಾರದ ನೆನಪಾಗಿ ಕಾಲು ನಿಂತಿತು. ಆದರೆ ಅವಳು ಆಗಲೇ ಕೈ ಚಾಚಿದ್ದಳು.

ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದಳು.

"ಇದು ಯಾವಾಗ ಬಂತು?"

"ಈಗ. ಹತ್ತು ನಿಮಿಷ ಆಯ್ತು."

"ನಿನ್ನೆ ಬರಬಾರದಿತ್ತಾ?" ಎಂದಳು. ಆಮೇಲೆ ನನ್ನ ಮೇಲೆಯೇ ಹರಿಹಾಯ್ದಳು. "ನೀವೆಲ್ಲ ಇರೋದು ಯಾತಕ್ಕೆ? ಎರಡು ವಾರ ಮುಂಚೆ ಅಂದ್ರೆ ಎರಡು ವಾರ ಮುಂಚೆ ತರಿಸ್ಕೊಳ್ಳೋಕಾಗಲ್ವಾ ನಿನಗೆ?"

ನಾನು ಬೈಸಿಕೊಂಡೆ. ಅದು ನನಗೆ ಸೇರಬೇಕಾದದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವಳೇ ಹೇಳಿದಳು. ಅಮ್ಮನ ಹಳೆ ಕೋಟಿನ ಒಳಬಟ್ಟೆಯಿಂದ ಮಾಡಿದ ಚೀಲವಂತೆ. ಅಮ್ಮನಿಗೆ ಹೇಳದೆ ಮಂಚದ ಕೆಳಗೆ ಕೂತು ಹೊಲಿದಳಂತೆ, ಮೂರು ಬೆರಳಿಗೆ ಸೂಜಿ ಚುಚ್ಚಿತ್ತಂತೆ. ಮೊದಲ ದಿನವೇ ಪುಸ್ತಕವೆಲ್ಲ ರಸ್ತೆಗೆ ಬಿದ್ದವಂತೆ. ಸರಿಮಾಡಿಕೊಡುತ್ತೇನೆಂದರೆ ಚಿಕ್ಕವಳು ಕೊಡಲಿಲ್ಲವಂತೆ, ಚೀಲವನ್ನು ಎದೆಗೆ ಅವುಚಿಕೊಂಡೇ ವರ್ಷವಿಡೀ ಹೋದಳಂತೆ.

"ಗುರುತೇ ಸಿಗಲಿಲ್ಲ ನೋಡು" ಎಂದಳು. "ಬಣ್ಣ ಹಾಕಿದ್ದಾಳೆ, ಒಳಮೈ ಹೊರಗೆ ಮಾಡಿದ್ದಾಳೆ. ಅದಿರಲಿ. ನಾನು ತಪ್ಪು ಹುಡುಕ್ತಾ ಇದ್ದೆನೇ ಹೊರತು ಹೊಲಿಗೆ ನೋಡ್ತಾನೇ ಇರಲಿಲ್ಲ."

ಆಗ ನಾನೊಂದು ಕೆಟ್ಟ ಸಲಹೆ ಕೊಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ. "ಅಕ್ಕ, ಯಾರಿಗೆ ಗೊತ್ತಾಗುತ್ತೆ? ಹೊಲಿಗೆ ಆಗಲೂ ನಿಮ್ಮದೇ, ಈಗಲೂ ನಿಮ್ಮದೇ. ಎಂಬತ್ತೆಂಟನೆಯದು ಪೆನ್ಸಿಲ್ಲಲ್ಲಿದೆ. ಉಜ್ಜಿ ತೆಗೆದು, ನಾಲ್ಕು ಬೆರಳು ಹಾಕಿದೆ ಅಂತ ಬರೀರಿ. ನನ್ನ ಪ್ರತಿ ನಾನು ಬದಲಾಯಿಸ್ತೀನಿ. ಬೋರ್ಡು ಹೀಗೇ ಇರಲಿ."

ಅವಳು ಇಲ್ಲ ಎನ್ನಲಿಲ್ಲ. ಆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡಳು. ಮೂವತ್ತೊಂದು ವರ್ಷ ಕಾದದ್ದು ಅದರಲ್ಲಿತ್ತು, ಸುಮ್ಮನಿದ್ದರೆ ಸಾಕು, ಗೋಡೆಗೇರುತ್ತಿತ್ತು. ಬಾಯಿಬಿಟ್ಟರೆ ತಂಗಿ ಆ ಸಾಲನ್ನು ಕಿತ್ತು ಹಾಕುತ್ತಿದ್ದಳು, ಹಾಕಲೇಬೇಕಿತ್ತು. ಸ್ಥಿತಿಪತ್ರವನ್ನೂ ರಬ್ಬರನ್ನೂ ಮುಂದಿಟ್ಟುಕೊಂಡು, ನೀನು ಹೋಗು ಎಂದಳು. ಹೋದೆ.

ಶುಕ್ರವಾರ ಹತ್ತು ಗಂಟೆಗೆ ತಂಗಿ ಬಂದಳು. ಅಕ್ಕನಷ್ಟೇ ಎತ್ತರ, ಅದೇ ಮೂಗು, ಬಣ್ಣ ಅಂಟಿದ ಕೋಟು. ಹಾಲಿನಲ್ಲಿ ನಾನು ಬೋರ್ಡುಗಳಿಗೆ ಮಟ್ಟ ನೋಡುತ್ತಿದ್ದೆ. ಸೂಜಿಯಕ್ಕ ಕತ್ತೆಯ ತಲೆಯ ಹತ್ತಿರ ನಿಂತಿದ್ದಳು. "ಅಕ್ಕ" ಎಂದು ಕೈ ಹಿಡಿದವಳು ಹಾಗೆಯೇ ಮಂಡಿಯೂರಿ ಹೊಟ್ಟೆಯ ಕಡೆ ಬಗ್ಗಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆರಳು ಅರ್ಧಕ್ಕೆ ನಿಂತಿತು.

"ಇದೇನಿದು?"

ಸೂಜಿಯಕ್ಕ ಸ್ಥಿತಿಪತ್ರ ಕೊಟ್ಟಳು. "ಎಂಬತ್ತೆಂಟು ಓದು."

ಅದರಲ್ಲಿ ಏನಿತ್ತೆಂದು ನಾನು ಆಮೇಲೆ ನೋಡಿದೆ. ಹಳೆಯದನ್ನು ಉಜ್ಜಿರಲಿಲ್ಲ. ಅದರ ಕೆಳಗೆ ಪೆನ್ಸಿಲ್ ಒತ್ತಿ ಒತ್ತಿ ಬರೆದಿದ್ದಳು: 'ಒಂದು ಮೊಳ ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದಿದ್ದೇನೆ. ಅನುಮತಿ ಇರಲಿಲ್ಲ.' ಪಕ್ಕದಲ್ಲಿ ಹಾನಿಗೆ ಕಾರಣ ಬರೆಯುವ ಕಾಲಂ ಇರುತ್ತದೆ. ತೇವ, ಹುಳು, ಸಾಗಣೆ ಎಂದೆಲ್ಲ ಬರೆಯುವುದು ವಾಡಿಕೆ. ಅಲ್ಲಿ 'ಹೊಟ್ಟೆಕಿಚ್ಚು' ಎಂದು ಬರೆದಿದ್ದಳು.

ತಂಗಿ ನೆಲದ ಮೇಲೆ ಕೂತುಬಿಟ್ಟಳು. "ನಿನ್ನ ಕೈ ಅಂತ ಗೊತ್ತಾಗಲಿಲ್ವಾ ನಿನಗೆ?"

"ನಿನ್ನ ಕೈ ಅಂದ್ಕೊಂಡೆ. ಅದಕ್ಕೇ ಬಿಚ್ಚಿದ್ದು."

"ನಲವತ್ತಾರು ವರ್ಷ ಇಟ್ಕೊಂಡಿದ್ದೆ ಅದನ್ನ. ಎಷ್ಟು ಮನೆ ಬದಲಾಯಿಸಿದ್ರೂ ಬಿಟ್ಟಿರಲಿಲ್ಲ."

"ಒಂದು ಮಾತು ಹೇಳಿದ್ದೆಯಾ? ಪೇಪರಲ್ಲಿ ಗಾಳಿ ಅಂದೆ."

"ಒಂದು ಗಂಟೆ ಮಾತಾಡಿದೆ, ಅರ್ಧ ನಿನ್ನ ವಿಷಯ. ಅವರು ಹಾಕಿದ್ದು ಒಂದು ಸಾಲು. ನಿನಗೆ ಫೋನಲ್ಲಿ ಹೇಳಿದ್ರೆ ಊಟ ಆಯ್ತಾ ಅಂತ ಮಾತು ತಿರುಗಿಸ್ತೀಯ. ಗೋಡೆ ಮೇಲೆ ಬರೆದ್ರೆ ಎಲ್ಲಿಗೆ ಹೋಗ್ತಾಳೆ ಅಂತ ಬರೆದೆ." ತಂಗಿಯ ದನಿ ಏರಿತು. "ನೇರ ಹೊಲಿಯೋಕೆ ಯಾರಿಗೆ ಬರಲ್ಲ ಅಕ್ಕ? ನೀನೇ ಕಲಿಸಿದ್ದೀಯಲ್ಲ. ಅದನ್ನ ಮರೆಯೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು. ನಿನ್ನ ಆ ಹಳೇ ಹೊಲಿಗೇನ ನೋಡ್ಕೊಂಡು, ನೋಡ್ಕೊಂಡು ಹೊಲೀತಿದ್ದೆ. ಈಗ ನೋಡೋಕೆ ಏನೂ ಇಲ್ಲ."

"ನನಗೆ ಹೊಟ್ಟೆ ಉರೀತಿತ್ತು" ಎಂದಳು ಸೂಜಿಯಕ್ಕ. "ಈಗಲೂ ಉರೀತಿದೆ. ನಾನು ಹನ್ನೊಂದು ವರ್ಷಕ್ಕೆ ಹಾಕಿದ್ದನ್ನೂ ನೀನೇ ಇಟ್ಕೊಂಡೆ. ಅದು ಒಳ್ಳೇದು ಅಂತ ನಿನಗೇ ಕಂಡಿತು, ನನಗೆ ಕಾಣಲಿಲ್ಲ. ಅದಕ್ಕಿಂತ ಏನು ಬೇಕು ಹೊಟ್ಟೆ ಉರಿಯೋಕೆ?"

ಇಬ್ಬರೂ ಅತ್ತರು. ಅಪ್ಪಿಕೊಂಡು ಅಲ್ಲ, ಕತ್ತೆಯ ಆಚೆ ಒಬ್ಬಳು, ಈಚೆ ಒಬ್ಬಳು. ನಾನು ಮಟ್ಟದ ಕೊಳವೆಯ ಗುಳ್ಳೆಯನ್ನೇ ನೋಡುತ್ತಾ ನಿಂತಿದ್ದೆ.

ಕೊನೆಗೆ ತಂಗಿ ಮೂಗು ಒರೆಸಿಕೊಂಡು ನನ್ನ ಪೆನ್ಸಿಲ್ ಕೇಳಿದಳು. ಕಲಾವಿದರು ಸ್ಥಿತಿಪತ್ರವನ್ನು ಒಪ್ಪಿ ಸಹಿ ಹಾಕಿದರೆ ಮಾತ್ರ ಕೃತಿ ಪ್ರದರ್ಶನಕ್ಕೆ ಹೋಗುವುದು. ಒಂಬತ್ತೂ ಪುಟ ಓದಿದಳು, ನೂರ ಹನ್ನೆರಡೂ ತಪ್ಪು. ನಡುವೆ ಒಂದು ಕಡೆ, "ಇದು ನಿಜ, ಇದು ಗಲೀಜೇ" ಎಂದಳು. ಎಲ್ಲ ಪುಟಕ್ಕೂ ಸಹಿ ಹಾಕಿದಳು. ಎಂಬತ್ತೆಂಟರ ಕಾರಣದ ಪಕ್ಕದಲ್ಲಿ ಇನ್ನೊಂದು ಸಹಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಬೋರ್ಡು ಬದಲಾಯಿಸಬೇಕು, ಬರ್ಕೊಳ್ಳಿ" ಎಂದಳು. ಬರೆದುಕೊಂಡೆ: 'ಹೊಟ್ಟೆಯ ಕೆಳಗಿನ ಹೊಲಿಗೆ ನನ್ನ ಅಕ್ಕನದು. ಅವಳಿಗೆ ಐವತ್ತೇಳು ವರ್ಷ. ಅಲ್ಲಿ ಮೊದಲು ಅವಳೇ ಹನ್ನೊಂದನೆಯ ವಯಸ್ಸಿನಲ್ಲಿ ಹಾಕಿದ ಹೊಲಿಗೆ ಇತ್ತು. ಅದನ್ನು ಅವಳೇ ಬಿಚ್ಚಿದಳು.'

"ಯಾಕೆ ಅಂತ ಹಾಕ್ಬೇಡ" ಎಂದಳು ಸೂಜಿಯಕ್ಕ.

"ನಾನು ಹಾಕಲ್ಲ. ಕೇಳಿದವರಿಗೆ ನೀನೇ ಹೇಳು."

ಶನಿವಾರ ಹನ್ನೊಂದಕ್ಕೆ ಬಾಗಿಲು ತೆರೆಯಿತು. ಉ‍ದ್ಘಾಟನೆಗೆ ಎಂದೂ ನೆಲಮಾಳಿಗೆ ಬಿಟ್ಟು ಬಾರದ ಸೂಜಿಯಕ್ಕ ಅಂದು ಕತ್ತೆಯ ಪಕ್ಕದಲ್ಲಿ ನಿಂತಿದ್ದಳು. ಹಾಲಿನ ಆ ತುದಿಯಲ್ಲಿ ತಂಗಿಯ ಸುತ್ತ ಕ್ಯಾಮೆರಾಗಳು. ಅಕ್ಕನ ಕಣ್ಣು ಆಗಾಗ ಅತ್ತ ಹೋಗಿ ಬರುತ್ತಿತ್ತು, ಬರುವಾಗ ಹುಬ್ಬು ಗಂಟಿಕ್ಕಿರುತ್ತಿತ್ತು. ಜನ ಬರುತ್ತಿದ್ದರು, ಕತ್ತೆಯ ಮುಖ ನೋಡಿ ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು. ಕೈಚೀಲ ಹಿಡಿದ ಒಬ್ಬ ಹೆಂಗಸು ಮಾತ್ರ ಬೋರ್ಡನ್ನು ಪೂರ್ತಿ ಓದಿ, ಹೊಟ್ಟೆಯ ಹತ್ತಿರ ಬಗ್ಗಿ ನೋಡಿ, ಯಾರನ್ನೂ ಉದ್ದೇಶಿಸದೆ, "ಎಷ್ಟು ಅಚ್ಚುಕಟ್ಟು. ಯಾರು ಈ ಅಕ್ಕ?" ಎಂದಳು.

"ನಾನು" ಎಂದಳು ಸೂಜಿಯಕ್ಕ.

ಹೆಂಗಸು ನೆಟ್ಟಗೆ ನಿಂತು ಅವಳ ಮುಖ ನೋಡಿದಳು. "ಮತ್ತೆ ಮೊದಲಿಂದು ಯಾಕೆ ಬಿಚ್ಚಿದ್ರಿ?"

"ಹೊಟ್ಟೆಕಿಚ್ಚಿಗೆ."

ಆ ಹೆಂಗಸು ನಗಲಿಲ್ಲ. ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು. "ನಿಮ್ಮ ತಂಗಿಗೆ ಗೊತ್ತಾ?"

"ಗೊತ್ತು" ಎಂದಳು ಸೂಜಿಯಕ್ಕ. "ಸಹಿ ಹಾಕಿದ್ದಾಳೆ."